ಹಾಡುವಾಗ ಹೆಡ್‌ಫೋನಿನ ಸದ್ದು ಮೈಕಿಗೆ ಬೀಳ್ತಿದೆ, ಅನುಭವ ಇರೋರು ಹೇಳಿ

ಪ್ರಶ್ನೆ: ಮನೆಯಲ್ಲೇ ಹಾಡು ರೆಕಾರ್ಡ್ ಮಾಡ್ತಿದ್ದೇನೆ. ಕಂಡೆನ್ಸರ್ ಮೈಕ್, ಬಾಯಿಂದ ಒಂದಡಿ ದೂರ. ದನಿಯ ಟ್ರ್ಯಾಕ್ ಒಂದನ್ನೇ ಕೇಳಿದರೆ ಉಸಿರು ತಗೊಳ್ಳೋ ಜಾಗದಲ್ಲೆಲ್ಲ ಕ್ಲಿಕ್ (ತಾಳಕ್ಕೆ ಅಂತ ಹೆಡ್‌ಫೋನಲ್ಲಿ ಬಿಡೋ ಟಿಕ್-ಟಿಕ್) ಕೇಳಿಸುತ್ತೆ. ಕಂಪ್ರೆಸರ್ (ಜೋರು-ಮೆಲು ಸದ್ದಿನ ಅಂತರ ತಗ್ಗಿಸೋದು) ಹಾಕಿದರೆ ಇನ್ನೂ ಜೋರು. ಹೆಡ್‌ಫೋನ್ ಬದಲಾಯಿಸಬೇಕಾ?

ಉತ್ತರ 1: ಓಪನ್ ಬ್ಯಾಕ್ (ಕಪ್ಪಿನ ಹಿಂಬದಿ ತೆರೆದಿರೋದು) ಆಗಿದ್ದರೆ ಬದಲಾಯಿಸಲೇಬೇಕು. ಅದು ಮಿಕ್ಸಿಂಗಿಗೆ ಸರಿ, ಮೈಕಿನ ಮುಂದೆ ಅಲ್ಲ. ಕ್ಲೋಸ್ಡ್ ಬ್ಯಾಕಲ್ಲಿ ಸೆನ್‌ಹೈಸರ್ ಎಚ್‌ಡಿ 280 ಪ್ರೊ ನೋಡಿ, 32 ಡೆಸಿಬೆಲ್‌ವರೆಗೆ ಸದ್ದು ತಡೆಯುತ್ತೆ ಅಂತ ಕಂಪನಿಯ ಲೆಕ್ಕ. ಹಿಡಿತ ಬಿಗಿ, ತುಂಬಾ ಹೊತ್ತು ಹಾಕಿದರೆ ಕಿವಿ ನೋಯುತ್ತೆ. ಆ ಬಿಗಿಯಿಂದಲೇ ಸೋರಿಕೆ ನಿಲ್ಲೋದು. ಕನ್ನಡಕದ ಕಡ್ಡಿ, ಕಿವಿ ಮೇಲೆ ಬಿದ್ದ ಕೂದಲು, ಚಪ್ಪಟೆಯಾದ ಹಳೇ ಕುಶನ್, ಇದರಲ್ಲಿ ಒಂದಿದ್ದರೂ ಸಂದಿ ಬಿಡುತ್ತೆ. ವೆಲ್ವೆಟ್ ಥರದ ಬಟ್ಟೆಯ ಕುಶನ್ ಬೇಡ, ಗಾಳಿಯಾಡುತ್ತೆ. ಚರ್ಮದ ಥರದ್ದು ಹಾಕಿ.

ಉತ್ತರ 2: ಅಷ್ಟೆಲ್ಲ ಒದ್ದಾಟ ಯಾಕೆ? ಫೋಮ್ ತುದಿಯ ಇನ್-ಇಯರ್ (ಕಿವಿಯೊಳಗೆ ತೂರಿಸೋ ಇಯರ್‌ಫೋನ್) ಹಾಕಿ. ಫೋಮನ್ನ ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯಲ್ಲಿ ಕಿವಿಯನ್ನ ಮೇಲಕ್ಕೆ ಹಿಂದಕ್ಕೆ ಎಳೆದು ತೂರಿಸಿ, ಅದು ಅರಳೋವರೆಗೆ ಹಿಡಿದಿಡಿ. ಸದ್ದು ಹೊರಗೆ ಬರೋಕೆ ದಾರಿಯೇ ಇರಲ್ಲ.

ಉತ್ತರ 1: ಅರ್ಧ ಮಾತ್ರ ಹೇಳ್ತಿದ್ದೀರಿ. ಕಿವಿ ಪೂರ್ತಿ ಮುಚ್ಚಿದರೆ ಮೂಳೆಯ ಮೂಲಕ ಬರೋ ಸ್ವಂತ ದನಿ ಒಳಗೇ ಗುಂಯ್‌ಗುಡುತ್ತೆ. ಶ್ರುತಿ ತಪ್ಪುತ್ತೆ. ಸೋರಿಕೆ ಇಲ್ಲದ ಅಪಶ್ರುತಿ ಟೇಕ್ ಯಾರಿಗೆ ಬೇಕು?

ಉತ್ತರ 2: ಮಾನಿಟರಲ್ಲಿ (ಹಾಡುವಾಗ ಕಿವಿಗೆ ಬರೋ ಸದ್ದಲ್ಲಿ) ಸ್ವಂತ ದನಿಯ ಕೆಳಭಾಗ, 250 ಹರ್ಟ್ಸ್ ಕೆಳಗೆ, ಸ್ವಲ್ಪ ಕಡಿಮೆ ಮಾಡಿ, ಚೂರು ರಿವರ್ಬ್ (ಕೋಣೆಯ ಪ್ರತಿಧ್ವನಿಯಂಥ ಗುಂಗು) ಕೊಡಿ. ಅದಕ್ಕೂ ಪರಿಹಾರ ಇದೆ. ಗೊತ್ತಿಲ್ಲದೆ ತಳ್ಳಿಹಾಕಬೇಡಿ.

ಉತ್ತರ 3: ಇಬ್ಬರೂ ಕೊಳ್ಳೋ ಮಾತೇ ಆಡ್ತಿದ್ದೀರಿ. ಮೊದಲು ಅಳೆಯಿರಿ. ಹೆಡ್‌ಫೋನ್ ಹಾಕಿ, ಹಾಡೋವಾಗಿನ ವಾಲ್ಯೂಮಲ್ಲೇ ಟ್ರ್ಯಾಕ್ ಬಿಟ್ಟು, ಬಾಯಿ ಮುಚ್ಚಿ 30 ಸೆಕೆಂಡ್ ರೆಕಾರ್ಡ್ ಮಾಡಿ. ಆಮೇಲೆ ಕೇಬಲ್ಲಿಂದ ಮೈಕ್ ಬಿಚ್ಚಿ (ಫ್ಯಾಂಟಮ್ ಪವರ್, ಅಂದರೆ ಕೇಬಲ್ಲಲ್ಲೇ ಮೈಕಿಗೆ ಹೋಗೋ ವಿದ್ಯುತ್, ಆರಿಸಿಯೇ ಬಿಚ್ಚಿ) ಇನ್ನೊಂದು ಸಲ. ಮೈಕಿಲ್ಲದೆಯೂ ಕ್ಲಿಕ್ ಬಂದರೆ ಅದು ಗಾಳಿಯಲ್ಲಿ ಬಂದದ್ದಲ್ಲ, ಮೈಕನ್ನ ಕಂಪ್ಯೂಟರಿಗೆ ಸೇರಿಸೋ ಇಂಟರ್‌ಫೇಸಿನ ಲೂಪ್‌ಬ್ಯಾಕ್ (ಕಂಪ್ಯೂಟರಿನ ಸದ್ದನ್ನೇ ಮತ್ತೆ ರೆಕಾರ್ಡಿಂಗಿಗೆ ಕಳಿಸೋದು) ಆನ್ ಇರಬಹುದು. ಆಗ ಯಾವ ಹೆಡ್‌ಫೋನ್ ತಂದರೂ ಹೋಗಲ್ಲ.

ಗಾಳಿಯದ್ದೇ ಆದರೆ ಕ್ಲಿಕ್ಕಿನ ಸದ್ದು ಬದಲಾಯಿಸಿ. ಚೂಪಾದ ಬೀಪ್ ಎಲ್ಲ ಸಂದಿಯಲ್ಲೂ ನುಗ್ಗುತ್ತೆ. ಮರದ ತುಂಡು ಬಡಿದ ಥರದ ಮಂದ ಸದ್ದು ಇಡಿ, 2 ಕಿಲೋಹರ್ಟ್ಸ್ ಮೇಲಿನದ್ದು ಕತ್ತರಿಸಿ. ಕೊನೆಯ ದೀರ್ಘ ಸ್ವರದ ಹೊತ್ತಿಗೆ ಆಟೋಮೇಷನ್ನಲ್ಲಿ (ವಾಲ್ಯೂಮ್ ತಾನಾಗೇ ಬದಲಾಗೋ ಹಾಗೆ ಮೊದಲೇ ಹೊಂದಿಸಿ) ಕ್ಲಿಕ್ ಪೂರ್ತಿ ನಿಲ್ಲಿಸಿ. ಸ್ವಂತ ದನಿ ತಡವಾಗಿ ಕೇಳಿದರೆ ಹಾಡೋರು ವಾಲ್ಯೂಮ್ ಏರಿಸ್ತಾ ಹೋಗ್ತಾರೆ, ಅದಕ್ಕೆ ಡೈರೆಕ್ಟ್ ಮಾನಿಟರಿಂಗ್ (ದನಿ ಕಂಪ್ಯೂಟರ್ ಸುತ್ತದೆ ಇಂಟರ್‌ಫೇಸಿಂದ ನೇರ ಕಿವಿಗೆ ಬರೋದು) ಇಡಿ. ಒಂದು ಕಿವಿ ತೆರೆದು ಹಾಡೋ ಅಭ್ಯಾಸ ಇದ್ದರೆ ಆ ಕಡೆಯ ಚಾನೆಲ್ ಮ್ಯೂಟ್ ಮಾಡಿ. ಬರೀ ಕಪ್ ಸರಿಸಿಟ್ಟರೆ ಅದೇ ಒಂದು ಪುಟ್ಟ ಸ್ಪೀಕರ್.

ಉತ್ತರ 4: ಕಂಡೆನ್ಸರ್ ಬಿಟ್ಟು ಡೈನಾಮಿಕ್ ಮೈಕ್ ತಗೊಳ್ಳಿ, ದೂರದ ಸದ್ದು ಹಿಡಿಯಲ್ಲ. ಮುಗೀತು.

ಉತ್ತರ 3: ಇದನ್ನ ದಯವಿಟ್ಟು ಹರಡಬೇಡಿ. ಡೈನಾಮಿಕ್‌ಗೆ ಸೂಕ್ಷ್ಮತೆ ಕಡಿಮೆ, ಅದಕ್ಕೇ ಗೇನ್ (ಮೈಕಿನ ಸಿಗ್ನಲ್ ಹಿಗ್ಗಿಸೋ ಮಟ್ಟ) ಏರಿಸ್ತೀರಿ, ದನಿಯ ಜೊತೆ ಸೋರಿಕೆಯೂ ಅಷ್ಟೇ ಏರುತ್ತೆ. ದೂರ ಒಂದೇ, ಪ್ಯಾಟರ್ನ್ (ಮೈಕ್ ಯಾವ ದಿಕ್ಕಿನ ಸದ್ದು ಹಿಡಿಯುತ್ತೆ ಅನ್ನೋದು) ಒಂದೇ ಆದರೆ ದನಿ-ಸೋರಿಕೆಯ ಅನುಪಾತ ಹೆಚ್ಚುಕಮ್ಮಿ ಒಂದೇ.

ಉತ್ತರ 4: ಹತ್ತಿರ ಹಾಡ್ತೀವಲ್ಲ, ಅದು ಲೆಕ್ಕಕ್ಕಿಲ್ವಾ?

ಉತ್ತರ 3: ಲೆಕ್ಕ ಹಾಕೇ ನೋಡೋಣ. 30 ಸೆಂಟಿಮೀಟರಿಂದ 15ಕ್ಕೆ ಬಂದರೆ ದನಿ 6 ಡೆಸಿಬೆಲ್ ಏರುತ್ತೆ. ಆದರೆ ಹೆಡ್‌ಫೋನೂ ತಲೆಯ ಜೊತೆ ಹತ್ತಿರ ಬಂತು, ಸೋರಿಕೆ ಸುಮಾರು 3.5 ಏರಿತು. ಉಳಿದ ಲಾಭ ಎರಡೂವರೆ. ಅದರ ಜೊತೆ ಪ ಕಾರದ ಗಾಳಿಹೊಡೆತ, ಉಬ್ಬಿದ ಬಾಸ್. ಹೆಡ್‌ಫೋನ್ ವಾಲ್ಯೂಮ್ 6 ಡೆಸಿಬೆಲ್ ಇಳಿಸಿದರೆ ಆ ಆರೂ ಪೂರ್ತಿ ನಿಮ್ಮದೇ.

ಉತ್ತರ 5: ಅದೇ ಜಾಗದಲ್ಲಿ ನಿಂತು, ಹಾಡದೆ, ಇನ್ನೊಂದು ಟೇಕ್ ತೆಗೆದು ಪೊಲಾರಿಟಿ ತಿರುಗಿಸಿ (ಸದ್ದಿನ ಅಲೆಯನ್ನ ತಲೆಕೆಳಗು ಮಾಡಿ) ಸೇರಿಸಿ. ಸೋರಿಕೆ ರದ್ದಾಗುತ್ತೆ.

ಉತ್ತರ 1: ತಲೆ ಅಲ್ಲಾಡದಿದ್ದರೆ ತಾನೇ! ಹಾಡುವಾಗ ಯಾರು ಕಲ್ಲಿನ ಹಾಗೆ ನಿಲ್ತಾರೆ? 4 ಕಿಲೋಹರ್ಟ್ಸಿನ ಅಲೆಯ ಉದ್ದ 8.5 ಸೆಂಟಿಮೀಟರ್. ಮೈಕಿನ ಕಡೆ 4 ಸೆಂಟಿಮೀಟರ್ ಸರಿದರೆ ರದ್ದಾಗೋದು ಹೋಗಿ ಎರಡೂ ಕೂಡಿಕೊಳ್ಳುತ್ತೆ.

ಉತ್ತರ 4: ಗೇಟ್ (ಸದ್ದು ತಗ್ಗಿದ ಕಡೆ ಟ್ರ್ಯಾಕನ್ನ ತಾನಾಗೇ ಮುಚ್ಚೋದು) ಹಾಕಿ ಅಂತ ಯಾರೂ ಹೇಳಲೇ ಇಲ್ಲ.

ಉತ್ತರ 2: ಹೇಳಬಾರದು ಅಂತಲೇ. ಗೇಟ್ ಹಾಡಿನ ಕೆಳಗಿರೋ ಸೋರಿಕೆ ಮುಟ್ಟಲ್ಲ, ಸಾಲಿನ ಕೊನೆ ಅಕ್ಷರವನ್ನೂ ಉಸಿರನ್ನೂ ನುಂಗುತ್ತೆ. ಕಂಪ್ರೆಸರಿಗೆ ಮೊದಲೇ ಕೈಯಲ್ಲೇ ಖಾಲಿ ಜಾಗ ಕತ್ತರಿಸಿ, ಎರಡೂ ತುದಿಗೆ 10-20 ಮಿಲಿಸೆಕೆಂಡ್ ಫೇಡ್ (ಸದ್ದು ಥಟ್ಟನೆ ಕಡಿಯದೆ ಮೆಲ್ಲಗೆ ಏರಿಳಿಯೋದು) ಕೊಡಿ. ಉಸಿರಿರೋ ಕಡೆ ಕತ್ತರಿಸದೆ 6ರಿಂದ 10 ಡೆಸಿಬೆಲ್ ತಗ್ಗಿಸಿ.

ಉತ್ತರ 4: ಮೂವತ್ತು ಟ್ರ್ಯಾಕ್ ಕೋರಸ್ ಇದ್ದರೆ ಕೈಯಲ್ಲಿ ಕತ್ತರಿಸ್ತಾ ಕೂತಿರ್ತೀರಾ?

ಉತ್ತರ 2: ಹೌದು, ಅಲ್ಲೇ ಕೂರಬೇಕು. ಮೂವತ್ತು ಟ್ರ್ಯಾಕಿನ ಕ್ಲಿಕ್ಕೂ ಒಂದೇ ತಾಳಕ್ಕೆ ಬಿದ್ದು ಒಂದರ ಮೇಲೊಂದು ಕೂಡುತ್ತೆ.