ಸಂಬಳವಿಲ್ಲದ ರಜೆ ಹಾಕಿದರೆ ನನ್ನ ಕೆಲಸ ಯಾರು ನೋಡಿಕೊಳ್ಳುತ್ತಾರೆ?

ಪ್ರಶ್ನೆ: ನನಗೀಗ ಏಳನೇ ತಿಂಗಳು. ಹೆರಿಗೆ ರಜೆ ಮುಗಿದ ಮೇಲೆ ಸಂಬಳವಿಲ್ಲದೆ ಇನ್ನೂ ಆರು ತಿಂಗಳು ಮಗುವಿನ ಜೊತೆ ಇರಬೇಕು ಅಂತ ಆಸೆ. ಆದರೆ ನಮ್ಮದು ಐದೇ ಜನರ ಟೀಮ್. ಉಳಿದವರ ಮೇಲೆ ಹೊರೆ ಹಾಕಿದ ಹಾಗಾಗುತ್ತದೆ ಅಂತ ಸಂಕಟ. ಹೀಗೆ ರಜೆ ಹಾಕಿದವರು ಹೇಗೆ ನಿಭಾಯಿಸಿದಿರಿ?

ಉತ್ತರ: ನಾನು ಎರಡು ಸಲ ಈ ರಜೆ ಹಾಕಿದ್ದೇನೆ. ಮೊದಲ ಸಲ "ಹೇಗೋ ನೋಡ್ಕೊಳ್ತೀವಿ, ನೀವು ಹೋಗಿ" ಅಂದರು. ನಂಬಿ ಹೋದೆ. ನನ್ನ ಕೆಲಸವನ್ನು ಮೂವರಿಗೆ ಹಂಚಿದರು, ಅವರ ಕೆಲಸ ಮಾತ್ರ ಕಡಿಮೆ ಮಾಡಲಿಲ್ಲ. ನಾನು ವಾಪಸ್ ಬಂದಾಗ, ದಿನಾ ಜೊತೆಗೆ ಊಟಕ್ಕೆ ಕೂರುತ್ತಿದ್ದ ಗೆಳತಿ ಮುಖ ಕೊಟ್ಟು ಮಾತಾಡಲಿಲ್ಲ. ಅಷ್ಟೂ ತಿಂಗಳು ಅವಳು ಮನೆ ಸೇರುವಾಗ ರಾತ್ರಿ ಒಂಬತ್ತಾಗುತ್ತಿತ್ತಂತೆ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಎರಡನೇ ಸಲ ಮ್ಯಾನೇಜರ್ ಹತ್ತಿರ ನೇರವಾಗಿ ಕೇಳಿದೆ. ನನಗೆ ಕೊಡದೆ ಉಳಿಯುವ ಸಂಬಳದಲ್ಲಿ ಬದಲಿಗೆ ಒಬ್ಬರನ್ನು ತೆಗೆದುಕೊಳ್ಳಬಹುದಲ್ವಾ? ಒಪ್ಪಿದರು. ಕಾಂಟ್ರಾಕ್ಟ್ ಮೇಲೆ ಒಬ್ಬರು ಬಂದರು. ನಾನು ಹೊರಡುವ ಮುಂಚೆ ಎರಡು ವಾರ, ಬಂದ ಮೇಲೆ ಎರಡು ವಾರ ಇಬ್ಬರೂ ಒಟ್ಟಿಗೆ ಇದ್ದೆವು. ಆ ಕೊನೆಯ ಎರಡು ವಾರ ಬಿಡಬೇಡಿ. ನೀವಿಲ್ಲದಾಗ ಏನೇನು ಬದಲಾಯಿತು ಅನ್ನುವುದು ಅವರಿಗೇ ಜಾಸ್ತಿ ಗೊತ್ತಿರುತ್ತದೆ.

ಇನ್ನೊಂದು ವಿಷಯ. ಕಾನೂನು ಎಲ್ಲಿಯವರೆಗೆ ನಿಮ್ಮ ಕೆಲಸ ಕಾಯುತ್ತದೆ ಅಂತ ನೋಡಿಕೊಳ್ಳಿ. ಜರ್ಮನಿಯಲ್ಲಿ ಮಗುವಿಗೆ 3 ವರ್ಷ ತುಂಬುವವರೆಗೂ ತಾಯಿಯಾಗಲಿ ತಂದೆಯಾಗಲಿ ಕೆಲಸ ಕಳೆದುಕೊಳ್ಳದೆ ರಜೆಯಲ್ಲಿರಬಹುದು. ಅಮೆರಿಕದ 1993ರ ಕಾನೂನು ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ. ಭಾರತದಲ್ಲಿ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. ಕಾನೂನಿನ ಅವಧಿ ದಾಟಿದ ಮೇಲೆ ಕಂಪನಿಯ ಒಪ್ಪಿಗೆಯೇ ಆಧಾರ. ಬಾಯಿಮಾತು ಸಾಲದು. ವಾಪಸ್ ಬರುವ ದಿನ, ಅದೇ ಹುದ್ದೆ, ಇನ್ಶೂರೆನ್ಸ್, ಇಂಕ್ರಿಮೆಂಟ್ ಎಲ್ಲವನ್ನೂ ಬರೆಸಿಕೊಳ್ಳಿ.

ಮತ್ತೊಬ್ಬರ ಉತ್ತರ: ನಾನು ಆಚೆ ಬದಿಯವಳು, ಬೇರೆಯವರ ರಜೆಯಲ್ಲಿ ಅವರ ಕೆಲಸ ಹೊತ್ತವಳು. ಮೂರು ತಿಂಗಳು ಅಂದಿದ್ದರು, ಒಂಬತ್ತಾಯಿತು. ಆ ತಾಯಿಯ ಮೇಲೆ ನನಗೆ ಒಂದು ದಿನವೂ ಸಿಟ್ಟು ಬರಲಿಲ್ಲ. ಹೆಚ್ಚುವರಿ ದುಡ್ಡೂ ಇಲ್ಲ, ಯಾವ ಕೆಲಸ ಬಿಡಬಹುದು ಅಂತ ಹೇಳುವವರೂ ಇಲ್ಲ, ಅದು ನೋವು ಕೊಟ್ಟಿದ್ದು. ಹಾಗಾಗಿ ಹ್ಯಾಂಡೋವರ್ ಬರೆಯುವಾಗ, ನೀವು ಬರುವವರೆಗೆ ನಿಲ್ಲಿಸಬಹುದಾದ ಕೆಲಸಗಳನ್ನೂ ಬರೆಯಿರಿ. ಅದಕ್ಕೆ ಮ್ಯಾನೇಜರ್ ಒಪ್ಪಿಗೆ ಪಡೆಯಿರಿ. ರಜೆ ಮುಂದಕ್ಕೆ ಹೋಗುವ ಹಾಗಿದ್ದರೆ ಒಂದು ತಿಂಗಳು ಮುಂಚೆಯೇ ತಿಳಿಸಿ.

ಇನ್ನೊಬ್ಬರು: ನಾವು ಗಂಡ ಹೆಂಡತಿ ಆರು ತಿಂಗಳನ್ನು ಮೂರು ಮೂರಾಗಿ ಹಂಚಿಕೊಂಡೆವು. ಅವಳು ಆಫೀಸಿಗೆ ಹೋದ ದಿನವೇ ನನ್ನ ರಜೆ ಶುರುವಾಯಿತು. ಎರಡೂ ಆಫೀಸಿನವರು ಮೂರು ತಿಂಗಳಿಗೆ ಬೇಗ ಒಪ್ಪಿದರು. ನಿಮ್ಮ ಯಜಮಾನರಿಗೂ ರಜೆ ಸಿಗುತ್ತದಾ, ಒಮ್ಮೆ ಕೇಳಿ ನೋಡಿ.