ಸಹಾಯ ಬೇಕು: ಓಟಿಯಲ್ಲಿ (ಆಪರೇಷನ್ ಥಿಯೇಟರ್‌ನಲ್ಲಿ) ಕಿರಿಯರು ಧೈರ್ಯವಾಗಿ ಮಾತಾಡುವಂತೆ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದ ಒಂದು ಆಸ್ಪತ್ರೆಯಲ್ಲಿ ಓಟಿ ನರ್ಸ್.

ಹೋದ ತಿಂಗಳು ಗರ್ಭಕೋಶದ ಆಪರೇಷನ್ ಮುಗಿಯುವ ಹೊತ್ತಿಗೆ ಮಾಪ್ (ಒಳಗೆ ರಕ್ತ ಒರೆಸುವ ಬಟ್ಟೆ) ಲೆಕ್ಕದಲ್ಲಿ ಒಂದು ಕಡಿಮೆ ಬಂತು. ಹೊಸದಾಗಿ ಸೇರಿದ ಹುಡುಗಿಗೆ ಅದು ಗೊತ್ತಾಗಿತ್ತು. ಸರ್ ಬೈತಾರೆ ಅಂತ ಸುಮ್ನೆ ನಿಂತಿದ್ದಳು. ನಾನು ಮತ್ತೆ ಎಣಿಸಿದೆ, ಹೊಲಿಗೆ ಹಾಕುವ ಮೊದಲೇ ಸಿಕ್ಕಿತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳನ್ನು ಬೈಯಲೂ ಮನಸ್ಸಾಗಲಿಲ್ಲ. ಆ ವಯಸ್ಸಲ್ಲಿ ನಾನೂ ಹಾಗೇ ಇದ್ದೆ.

ವಿಶ್ವ ಆರೋಗ್ಯ ಸಂಸ್ಥೆಯ ಸರ್ಜರಿ ಚೆಕ್‌ಲಿಸ್ಟ್ 2008ರಿಂದಲೇ ಇದೆ. ಅರಿವಳಿಕೆಗೆ ಮೊದಲು, ಕೊಯ್ಯುವ ಮೊದಲು, ರೋಗಿ ಓಟಿಯಿಂದ ಹೊರಡುವ ಮೊದಲು, ಹೀಗೆ ಮೂರು ಸಲ ನಿಂತು ಜೋರಾಗಿ ಕೇಳಬೇಕು. ಕೊಯ್ಯುವ ಮೊದಲು ಎಲ್ಲರೂ ಹೆಸರು, ಕೆಲಸ ಹೇಳಿಕೊಳ್ಳಬೇಕು ಅಂತಲೂ ಅದರಲ್ಲಿದೆ. ಒಮ್ಮೆ ದನಿ ತೆಗೆದವರಿಗೆ ಆಮೇಲೆ ಮಾತಾಡುವುದು ಸುಲಭ ಅಲ್ವಾ? ನಮ್ಮಲ್ಲಿ ಟಿಕ್ ಹಾಕಿ ಫೈಲಿಗೆ ಸೇರಿಸುವುದೇ ಜಾಸ್ತಿ.

ತುಮಕೂರು, ಚಿಕ್ಕಬಳ್ಳಾಪುರ ಕಡೆ ಓಟಿಯಲ್ಲಿರುವವರು ದಯವಿಟ್ಟು ಹೇಳಿ. "ಸರ್, ಒಂದು ನಿಮಿಷ, ಲೆಕ್ಕ ಸರಿಯಿಲ್ಲ" ಅನ್ನುವಂಥ ಮಾತನ್ನು ಕಿರಿಯರಿಗೆ ಹೇಗೆ ರೂಢಿ ಮಾಡಿಸಿದಿರಿ? ಗುಂಪಿನಲ್ಲಿ ಸರ್ಜನ್‌ಗಳಿದ್ದರೆ ನೀವೂ ತಿಳಿಸಿ, ಹೇಗೆ ಹೇಳಿದರೆ ನಿಮಗೆ ಬೇಸರವಾಗುವುದಿಲ್ಲ? ಈ ಭಾನುವಾರ ನಮ್ಮ ಹುಡುಗಿಯರನ್ನು ಕೂರಿಸಿ ಅಭ್ಯಾಸ ಮಾಡಿಸಬೇಕು ಅಂತಿದ್ದೇನೆ.