ಹಿಮದ ಪೋಸ್ಟಿನಿಂದ ಆಸ್ಪತ್ರೆಯವರೆಗೆ: ಸೇನಾ ವೈದ್ಯರಲ್ಲಿ ಕೇಳಿ

ಪ್ರಶ್ನೆ (ಪೆರ್ಲದ ತಾಯಿಯೊಬ್ಬರು): ಡಾಕ್ಟ್ರೇ, ನನ್ನ ಮಗ ಲಡಾಖ್ ಕಡೆ ಡ್ಯೂಟಿಯಲ್ಲಿದ್ದಾನೆ. ಚಳಿಗಾಲಕ್ಕೆ ಇನ್ನೂ ಮೇಲಿನ ಪೋಸ್ಟಿಗೆ ಹೋಗಲಿಕ್ಕುಂಟಂತೆ. ಅಲ್ಲಿ ಏನಾದರೂ ಆದರೆ ಹೆಲಿಕಾಪ್ಟರ್ ಕೂಡಲೇ ಬರುತ್ತದಾ?

ಉತ್ತರ (ನಿವೃತ್ತ ಸೇನಾ ವೈದ್ಯ, ಬದಿಯಡ್ಕ): ಅಕ್ಕ, ಮೊದಲಿಗೆ, ಅವನು ಯಾವ ಪೋಸ್ಟಿನಲ್ಲಿದ್ದಾನೆಂದು ಇಲ್ಲಿ ಯಾರು ಕೇಳಿದರೂ ಬರೆಯಬೇಡಿ.

ಕೂಡಲೇ ಬರುತ್ತದೆಂದು ನಾನು ಮಾತು ಕೊಡಲಾರೆ. ಮೋಡ ಕವಿದರೆ, ಗಾಳಿ ಎದ್ದರೆ ಕಾಯಲೇಬೇಕು. ಗಾಳಿ ತೆಳುವಾದ ಎತ್ತರದಲ್ಲಿ ಚೀತಾ ಹೆಲಿಕಾಪ್ಟರ್ ಒಂದು ಸಲಕ್ಕೆ ಒಬ್ಬಿಬ್ಬರನ್ನಷ್ಟೇ ಎತ್ತಬಲ್ಲದು. ಅದಕ್ಕೇ ಸೇನೆ ಹೆಲಿಕಾಪ್ಟರೊಂದನ್ನೇ ನಂಬಿ ಕೂತಿಲ್ಲ. ಸೋರುವ ರಕ್ತ ನಿಲ್ಲಿಸಲು, ಆಮ್ಲಜನಕ ಕೊಡಲು ಕಲಿತ ಜವಾನರು ಮುಂದೆಯೇ ಇರುತ್ತಾರೆ. ಬೆಟಾಲಿಯನ್ನಿಗೆ ಅದರದ್ದೇ ವೈದ್ಯಾಧಿಕಾರಿ, ಹಿಂದೆ ಫೀಲ್ಡ್ ಹಾಸ್ಪಿಟಲ್, ಆಮೇಲೆ ಲೇಹ್‌ನ ಜನರಲ್ ಹಾಸ್ಪಿಟಲ್. ಅಲ್ಲಿಗೂ ಮೀರಿದ್ದಾದರೆ ವಾಯುಪಡೆಯ ವಿಮಾನದಲ್ಲಿ ಚಂಡೀಗಢದ ಹತ್ತಿರದ ಚಂಡಿಮಂದಿರದ ಸೇನಾ ಆಸ್ಪತ್ರೆಗೋ ದಿಲ್ಲಿಗೋ. ರೋಗಿ ಬದುಕುವುದು ಹೆಚ್ಚಾಗಿ ಹೆಲಿಕಾಪ್ಟರಿನ ಸದ್ದು ಕೇಳುವ ಮೊದಲು ಆದ ಕೆಲಸದಿಂದ.

ಅಲ್ಲಿ ಗುಂಡು ಹಾರದ ದಿನವೂ ಎತ್ತರ ಸುಮ್ಮನಿರುವುದಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಸೇನೆಯಲ್ಲಿ ಅದಕ್ಕೆ ಹೇಪೊ ಎನ್ನುತ್ತಾರೆ. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು, ಮುಂದೆ ಗುಲಾಬಿ ಬಣ್ಣದ ನೊರೆ. ಮದ್ದೆಂದರೆ ಕೆಳಗಿಳಿಸುವುದು. ಇಳಿಸಲಾಗದಿದ್ದರೆ ಆಮ್ಲಜನಕ, ಶ್ವಾಸಕೋಶದ ರಕ್ತನಾಳಗಳ ಒತ್ತಡ ಇಳಿಸುವ ನಿಫೆಡಿಪಿನ್ ಮದ್ದು, ಜೊತೆಗೆ ಒಂದು ಚೀಲ ಉಂಟು: ರೋಗಿಯನ್ನು ಒಳಗೆ ಮಲಗಿಸಿ ಜಿಪ್ ಎಳೆದು ಪಂಪಿನಿಂದ ಗಾಳಿ ತುಂಬುತ್ತಾರೆ. ಒಳಗೆ ಒತ್ತಡ ಏರಿ, ದೇಹಕ್ಕೆ ಸಾವಿರಾರು ಅಡಿ ಇಳಿದಷ್ಟೇ ಆರಾಮ ಸಿಗುತ್ತದೆ. ಹವಾಮಾನ ತಿಳಿಯಾಗುವ ತನಕ ಅದರಿಂದ ಜೀವ ಹಿಡಿದಿಡಬಹುದು.

ಇದು ಬಾರದಂತೆ ಮೊದಲೇ ಒಗ್ಗಿಸುತ್ತಾರೆ. 9,000 ಅಡಿ ಮೀರಿದ ಮೇಲೆ 6 ದಿನ, 12,000 ಮೀರಿದ ಮೇಲೆ 4 ದಿನ, 15,000 ಮೀರಿದರೆ ಮತ್ತೆ 4 ದಿನ. ದೀರ್ಘ ರಜೆ ಮುಗಿಸಿ ಹೋದವರೂ ಪುನಃ ಒಗ್ಗಿಕೊಳ್ಳಬೇಕು. ಫೋನ್ ಮಾಡಿದಾಗ ಮಗನಿಗೆ ಇದೊಂದು ಹೇಳಿ: ಉಸಿರು ಕಟ್ಟಿದರೆ, ತಲೆ ಸಿಡಿದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡ. ಗಟ್ಟಿಮುಟ್ಟಾದ ಹುಡುಗರೇ ಮುಚ್ಚಿಡುವುದು.

ಪ್ರಶ್ನೆ (ಮಂಗಳೂರಿನ ಐಸಿಯುನಲ್ಲಿ ಕೆಲಸ ಮಾಡುವ ಕುಂಬಳೆಯ ನರ್ಸ್): ಸರ್, ಎದೆಗೂಡಿನೊಳಗೆ ಗಾಳಿ ಸೋರಿದ ರೋಗಿಗೆ ಹಾರಾಟಕ್ಕೆ ಮುಂಚೆ ಅದನ್ನು ಹೊರತೆಗೆಯುವ ಟ್ಯೂಬ್ ಹಾಕಲೇಬೇಕು ಎಂದು ಕೇಳಿದ್ದೇನೆ. ಯಾಕೆ?

ಉತ್ತರ: ಮೇಲೇರಿದಂತೆ ಒತ್ತಡ ಇಳಿಯುತ್ತದೆ, ಒಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. 18,000 ಅಡಿಯಲ್ಲಿ ಒತ್ತಡ ಸಮುದ್ರಮಟ್ಟದ ಅರ್ಧ, ಅಂದರೆ ಸಿಕ್ಕಿಕೊಂಡ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಎದೆಗೂಡಿನಲ್ಲಿ ಸ್ವಲ್ಪವೇ ಗಾಳಿ ಸೋರಿದ್ದರೂ ಅದು ಶ್ವಾಸಕೋಶವನ್ನು ಅಮುಕಿಬಿಡಬಹುದು. ನುಬ್ರಾ ಕಣಿವೆಯಿಂದ ಲೇಹ್‌ಗೆ ಬರಬೇಕಾದರೆ ನಡುವೆ ಲಡಾಖ್ ಪರ್ವತಸಾಲು ಉಂಟು. ಖಾರ್ದುಂಗ್ ಲಾ ಕಣಿವೆದಾರಿಯೇ 17,500 ಅಡಿ ಮೀರುತ್ತದೆ. ಕೆಳಗಿಳಿಸಬೇಕಾದ ರೋಗಿಯನ್ನು ಮೊದಲು ಮೇಲೆ ಒಯ್ಯಬೇಕಾದ ಸಂಕಟ ಅದು! ಉಸಿರಾಟಕ್ಕೆಂದು ಶ್ವಾಸನಾಳಕ್ಕೆ ಇಳಿಸುವ ಇಟಿ ಟ್ಯೂಬಿನ ಕಫ್‌ನಲ್ಲಿ, ಅಂದರೆ ಅದರ ಸುತ್ತ ಉಬ್ಬುವ ಪುಟ್ಟ ಬಲೂನಿನಲ್ಲಿ, ಗಾಳಿಯ ಬದಲು ಸಲೈನ್ ತುಂಬುವುದೂ ಇದೇ ಕಾರಣಕ್ಕೆ. ಹೆಲಿಕಾಪ್ಟರಿನ ಗದ್ದಲದಲ್ಲಿ ಸ್ಟೆತಸ್ಕೋಪ್ ಏನೂ ಕೇಳಿಸದು. ಮಾಡಬೇಕಾದ್ದೆಲ್ಲ ನೆಲದ ಮೇಲೆಯೇ ಮಾಡಿ ಮುಗಿಸಬೇಕು.

ಪ್ರಶ್ನೆ (ಕಾಲೇಜು ವಿದ್ಯಾರ್ಥಿ, ಮುಳ್ಳೇರಿಯ): ನಮ್ಮ ಸೇನಾ ವೈದ್ಯರು ಹೊರದೇಶದ ಯುದ್ಧಕ್ಕೂ ಹೋಗಿದ್ದಾರಾ ಸರ್?

ಉತ್ತರ: ಹೋಗಿದ್ದಾರೆ ತಮ್ಮಾ. 60 ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ಸೇನಾ ವೈದ್ಯಕೀಯ ಘಟಕ 1950ರಲ್ಲಿ ಕೊರಿಯಾಕ್ಕೆ ಹೋಯಿತು. 1951ರ ಮಾರ್ಚ್‌ನಲ್ಲಿ ಅದರ ತಂಡ ಅಮೆರಿಕನ್ ಪ್ಯಾರಾ ಸೈನಿಕರ ಜೊತೆ ಮುನ್ಸಾನ್‌ನಲ್ಲಿ ಆಕಾಶದಿಂದ ಧುಮುಕಿತು. ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್, ಮಹಾವೀರ ಚಕ್ರ ಪಡೆದವರು. 2023ರ ಭೂಕಂಪದಲ್ಲಿ ತುರ್ಕಿಯ ಇಸ್ಕೆಂದರುನ್‌ನಲ್ಲಿ ಆಸ್ಪತ್ರೆ ಹೂಡಿದ್ದೂ ಇದೇ ಘಟಕ.

ಪ್ರಶ್ನೆ (ಪೆರ್ಲದಿಂದ ಇನ್ನೊಬ್ಬರು): ನಮ್ಮಲ್ಲಿ ಅಪಘಾತವಾದರೆ ಮಂಗಳೂರಿಗೇ ಓಡಬೇಕು. ನಮಗೆ ಇದರಿಂದ ಕಲಿಯುವುದು ಎಂತ ಉಂಟು?

ಉತ್ತರ: ತುಂಬಾ ಉಂಟು ಅಣ್ಣ. 2020ರಲ್ಲಿ ಕೊರೋನಾ ಹೊತ್ತಿಗೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದಾಗ ನಮ್ಮವರು ಪಟ್ಟ ಪಾಡು ನಿಮಗೆ ಗೊತ್ತಿದೆ. ದಾರಿ ತೆರೆದೇ ಇರುತ್ತದೆಂದು ನಂಬಿ ಕೂರಬಾರದು. ರಕ್ತ ಸೋರುತ್ತಿದ್ದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನೋಡಲೆಂದು ಮಧ್ಯೆ ಮಧ್ಯೆ ಎತ್ತಬೇಡಿ. 108ಕ್ಕೆ ಕರೆ ಮಾಡಿ. ಸ್ಥಿತಿ ಕೆಟ್ಟಿದ್ದರೆ ಮಂಗಳೂರಿಗೆ ನೇರ ಹೊರಡುವ ಬದಲು ಹತ್ತಿರದ ಆಸ್ಪತ್ರೆಯಲ್ಲಿ ಉಸಿರು, ರಕ್ತದೊತ್ತಡ ಹಿಡಿತಕ್ಕೆ ತರಿಸಿ. ಅಲ್ಲಿಂದ ಕಳಿಸುವ ವೈದ್ಯರು ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ, ಹಾಸಿಗೆ ಇದೆಯೆಂದು ಖಚಿತವಾದ ಮೇಲೆ ಹೊರಡಿ. ಕೊಟ್ಟ ಮದ್ದು, ಕೊಟ್ಟ ಹೊತ್ತು ಬರೆದ ಚೀಟಿ ರೋಗಿಯ ಜೊತೆಗೇ ಹೋಗಲಿ.